ಎರಡನೆಯ ಸುತ್ತು

ಕಿತ್ತಳೆ ಬಣ್ಣದ ಕೋಲು, ಹಿಮದಲ್ಲಿ ನೆಟ್ಟದ್ದು, ತುದಿಗೊಂದು ಹೊಳೆಯುವ ಪಟ್ಟಿ, ಎಷ್ಟು ಚೆನ್ನಾಗಿ ಬಿದ್ದಿದೆ ಅದರ ನೆರಳು, ಹಿಮದ ಮೇಲಿನ ನೆರಳು ಕಪ್ಪಲ್ಲ ನೀಲಿ ಎಂದು ಗೊತ್ತಿದ್ದವರೇ ಯಾರೋ ಮಾಡಿದ್ದಾರೆ ಅಪ್ಪನ ಕಂಪ್ಯೂಟರಿನ ಈ ಕಾರಿನ ಆಟವನ್ನು, ಕಿಟಕಿಯಾಚೆಯೂ ಅಂಥವೇ ಎರಡು ಕೋಲು, ಅಪ್ಪನ ಅಂಗಳದ ಅಂಚಿಗೆ, ಅವಕ್ಕೂ ಅದೇ ನೀಲಿ ನೆರಳು, ಜನವರಿಯಲ್ಲಿ ಮಧ್ಯಾಹ್ನ ಎರಡೂವರೆಗೆಲ್ಲ ಬೆಳಕು ಹೀಗೆ ಸೋತು ಒರಗಿಬಿಡುತ್ತದೆ, ನನ್ನ ಹಾಗೆ — ಪರದೆಯ ಕೆಳಗೆ ಪಟ್ಟಿ ತುಂಬುತ್ತಿದೆ, ಶೇಡರ್‌ಗಳು ಸಿದ್ಧವಾಗುತ್ತಿವೆ, ದಯವಿಟ್ಟು ಕಾಯಿರಿ, ಕಾಯುತ್ತಿದ್ದೇನೆ, ಇನ್ನೇನು ಮಾಡಲಿ, ಅಡುಗೆಮನೆಯಲ್ಲಿ ಅಪ್ಪ ಕಾಫಿ ಬಗ್ಗಿಸುವ ಸದ್ದು, ಬಗ್ಗಿಸುತ್ತಿದ್ದಾನೆ, ಬಗ್ಗಿಸುತ್ತಿದ್ದಾನೆ, ನಿಲ್ಲಿಸಿದ, ಸರಿ, ಯಾರಾದರೂ ಇಷ್ಟೇ ಹೊತ್ತು ಬಗ್ಗಿಸುತ್ತಾರೆ, ನಾನೇಕೆ ಹೀಗೆ ಕಿವಿಗೊಟ್ಟು ಕೂತಿದ್ದೇನೆ. ಏ ಮೆರ್ವಿ, ಹಾಲು ಹಾಕ್ಲಾ ಬೇಡ್ವಾ — ಹಾಕಪ್ಪ, ಹುಟ್ಟಿದಾಗಿನಿಂದ ಹಾಲು ಹಾಕಿಕೊಂಡೇ ಕುಡಿಯುತ್ತಿದ್ದೇನೆ, ಮರೆತು ಕೇಳಿದ್ದೋ ಸುಮ್ಮನೆ ಕೇಳಿದ್ದೋ, ಯಾವಾಗಲೂ ಕೇಳುತ್ತಿದ್ದ, ಹೌದು, ಅಮ್ಮ ಇದ್ದಾಗಲೂ ಕೇಳುತ್ತಿದ್ದ. ಮೂರೂವರೆಗೆ ಅವನು ಹೊರಡಬೇಕು, ನನ್ನ ಮಗಳು ಹಿಲ್ಲಾಳನ್ನು ಶಾಲೆಯ ಬಾಗಿಲಲ್ಲಿ ಹತ್ತಿಸಿಕೊಂಡು ಲಹ್ತಿಯ ಸ್ಕೀ ಜಿಗಿತದ ಗುಡ್ಡಕ್ಕೆ ಅಭ್ಯಾಸಕ್ಕೆ ಬಿಡಬೇಕು, ಸ್ಕೀ ಹಲಗೆಗಳು ಆಗಲೇ ಅವನ ಕಾರಿನ ಮೇಲಿವೆ, ವಾರಕ್ಕೆ ಮೂರು ದಿನ ಹೀಗೇ, ಎರಡು ಚಳಿಗಾಲದಿಂದ ಹೀಗೇ, ನಾನು ನಂಬಿಕೊಂಡು ಬದುಕುತ್ತಿರುವುದೇ ಆ ಕಾರನ್ನು, ಆ ಕೈಗಳನ್ನು — ಅಷ್ಟರೊಳಗೆ ಯಂತ್ರದ್ದೇ ತಪ್ಪು ಎಂದು ಕಣ್ಣಾರೆ ನೋಡಿಬಿಟ್ಟರೆ ಸಾಕು, ಯಂತ್ರದ್ದೇ ಆಗಿರಲಿ, ಎಷ್ಟು ಕೆಟ್ಟ ತಪ್ಪಾದರೂ ಆಗಿರಲಿ, ಸರಿ ಮಾಡುತ್ತೇನೆ.

ಕಾರು ನಿಂತ್‌ನಿಂತು ಹೋಗುತ್ತೆ ಮಗಳೇ, ಎಂದು ಅಪ್ಪ ಫೋನು ಮಾಡಿದ್ದು ಕ್ರಿಸ್ಮಸ್ ಕಳೆದ ಮೇಲೆ, ನಿಜದ ಕಾರೋ ಆಟದ ಕಾರೋ ಎಂದು ಕೇಳಿದೆ, ಆಟದ್ದೇ ಕಣೆ, ನಿಜದ್ದು ನಿಂತರೆ ನಿನಗ್ಯಾಕೆ ಫೋನ್ ಮಾಡ್ಲಿ, ನಿನಗೆ ಬಾನೆಟ್ ಎಲ್ಲಿ ತೆಗೆಯೋದು ಅಂತಾನೂ ಗೊತ್ತಿಲ್ಲ. ಚಿತ್ರ ನಿಂತುಬಿಡುತ್ತೆ, ಆಮೇಲೆ ಮುಂದಕ್ಕೆ ಹಾರಿಬಿಡುತ್ತೆ, ಅಷ್ಟರಲ್ಲಿ ಕಾರು ಚರಂಡೀಲಿ. ಅಯ್ಯೋ ಅಷ್ಟೇನಾ ಎಂದು ನಗು ಬಂತು ನನಗೆ, ಜಗತ್ತಿನಲ್ಲಿ ನನಗೆ ಗೊತ್ತಿರುವ ರೋಗ ಅದೊಂದೇ, ಹನ್ನೊಂದು ವರ್ಷದಿಂದ ನಾನು ಅದರದೇ ವೈದ್ಯೆ. ಅಪ್ಪ ನೆರೆಹೊರೆಯವರಿಗೆ ಹೇಳುವುದು ಮಗಳು ಕಂಪ್ಯೂಟರಿಗೆ ಬಣ್ಣ ಬಳೀತಾಳೆ ಎಂದು, ಪಕ್ಕದ ಮನೆಯ ಸಿರ್ಕಾ, ಹಾಗಾದ್ರೆ ಬೇಸಿಗೇಲಿ ಬಂದು ನಮ್ಮ ಬೇಲಿಗೂ ಬಳೀಲಿ ಎಂದಿದ್ದಳಂತೆ — ಪೂರ್ತಿ ಸುಳ್ಳೇನಲ್ಲ, ಶೇಡರ್ ಎಂದರೆ ಪರದೆಯ ಒಂದೊಂದು ಚುಕ್ಕಿಗೂ ಯಾವ ಬಣ್ಣ ಎಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಹಿಮಕ್ಕೊಂದು, ಮಂಜುಗಟ್ಟಿದ ಗಾಜಿಗೊಂದು, ಈ ಕೋಲಿನ ನೆರಳಿಗೊಂದು, ಆಟ ಮಾಡಿದವರು ಅವನ್ನೆಲ್ಲ ಅರೆಬೇಯಿಸಿ ಕಳಿಸುತ್ತಾರೆ, ಯಾರ ಮನೆಯಲ್ಲಿ ಎಂಥ ಗ್ರಾಫಿಕ್ಸ್ ಕಾರ್ಡ್ ಇದೆಯೋ ಅವರಿಗೇನು ಗೊತ್ತು, ಪೂರ್ತಿ ಬೇಯಿಸುವುದು ನಮ್ಮ ಕಚೇರಿ ಬರೆಯುವ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಂನ ಕೆಲಸ, ಆ ಕಾರ್ಡಿಗೆ ಅರ್ಥವಾಗುವ ಭಾಷೆಗೆ ಇಳಿಸಬೇಕು, ಮೊದಲ ಸಲ ಅದು ಬೇಕಾದ ಗಳಿಗೆಯಲ್ಲೇ, ಕಾರು ತಿರುವಿನಲ್ಲಿರುವಾಗಲೇ, ಇಳಿಸಿ ಮುಗಿಯುವ ತನಕ ಚಿತ್ರ ಉಸಿರು ಹಿಡಿದು ನಿಲ್ಲುತ್ತದೆ. ಇಳಿಸಿದ್ದನ್ನು ಡಿಸ್ಕಿನಲ್ಲಿ ಎತ್ತಿಡುತ್ತದೆ, ಅದೇ ಕ್ಯಾಶೆ, ಉಗ್ರಾಣ ಅನ್ನಿ, ಮುಂದಿನ ಸಲ ಅಲ್ಲಿಂದಲೇ ಎತ್ತಿ ಕೊಟ್ಟರಾಯಿತು. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿಯೇ ಮುದುಕನಾದ ಅಪ್ಪನಿಗೆ ಹೇಗೆ ಹೇಳುವುದು ಎಂದು ಯೋಚಿಸಿ ಹೇಳಿದ್ದೆ, ನೋಡಪ್ಪ, ರಾತ್ರಿಯೆಲ್ಲ ಹಿಮ ಬಿದ್ದಿದೆ, ನೀನು ಲಾರಿಗೆ ಹಲಗೆ ಕಟ್ಟಿಕೊಂಡು ಮೊದಲ ಸಲ ತಳ್ಳುತ್ತಾ ಹೋಗ್ತೀಯ, ನಿಧಾನ ತಾನೇ, ನಿನ್ನ ಹಿಂದೆ ಬರೋನಿಗೆ ರಸ್ತೆ ಖಾಲಿ, ಎರಡನೇ ಸುತ್ತಿನಲ್ಲಿ ನಿಲ್ಲೋದಿಲ್ಲ. ಫೋನಿನಲ್ಲಿ ಅವನು ಸುಮ್ಮನಾದ, ಆಮೇಲೆ, ಇಷ್ಟು ವರ್ಷ ನೀನು ಮಾಡ್ತಿದ್ದದ್ದು ನನ್ನ ಕೆಲಸಾನೇ ಅಂತಾಯ್ತು, ಕಚೇರಿಯವರು ನಿನಗೂ ಬೂಟು ಕೊಡ್ತಾರಾ. ಎಷ್ಟು ಖುಷಿಯಾಗಿತ್ತು ನನಗೆ, ಫೋನಿಟ್ಟ ಮೇಲೂ ನಗುತ್ತಿದ್ದೆ, ಆ ಸುಮ್ಮನಾದದ್ದು ಎಷ್ಟು ಹೊತ್ತು, ನಗುತ್ತಿದ್ದವಳಿಗೆ ಅದೆಲ್ಲ ನೆನಪಿರುವುದಿಲ್ಲ.

ಹೊಸ ಡ್ರೈವರ್ ಬಂದಿದೆಯಪ್ಪ, ಅದು ಬಂದರೆ ಹಳೆಯ ಉಗ್ರಾಣ ಪೂರ್ತಿ ಲೆಕ್ಕಕ್ಕಿಲ್ಲ, ಪ್ರತಿಯೊಂದಕ್ಕೂ ಒಂದು ಗುರುತಿರುತ್ತೆ, ಯಾವ ಶೇಡರ್, ಯಾವ ಕಾರ್ಡು, ಯಾವ ಡ್ರೈವರು ಎಲ್ಲ ಸೇರಿಸಿ ಅರೆದ ಗುರುತು, ಒಂದು ಚೂರು ಹೆಚ್ಚುಕಡಿಮೆಯಾದರೂ ಹೊಂದೋಲ್ಲ, ಮತ್ತೆ ಹಿಮ ಬಿದ್ದ ಹಾಗೆ, ಮತ್ತೆ ಒಂದು ಸುತ್ತು ಹೊಡಿ. ಹೊಡೆದ. ಮತ್ತೆ ನಿಲ್ತು ಮೆರ್ವಿ. ಒಂದೇ ಕಡೆ ನಿಲ್ಲುತ್ತಾ ಎಂದೆ, ಇಲ್ಲ, ಒಂದ್ಸಲ ಹುಲ್ಲಿನ ಕೊಟ್ಟಿಗೆ ಹತ್ರ, ಒಂದ್ಸಲ ಸೇತುವೆ ಮೇಲೆ, ಒಂದ್ಸಲ ಸುಮ್ನೆ ನೇರ ರಸ್ತೇಲಿ — ಅಲ್ಲೇ, ಅಲ್ಲೇ ನಾನು ನಿಲ್ಲಬೇಕಾಗಿತ್ತು, ನೇರ ರಸ್ತೆಯಲ್ಲಿ ಹೊಸದೇನಿರುತ್ತದೆ ಬೇಯಿಸಲಿಕ್ಕೆ, ಅದೇ ಹಿಮ ಅದೇ ಆಕಾಶ, ಆದರೆ ನನ್ನ ಬಳಿ ಅದಕ್ಕೂ ಉತ್ತರವಿತ್ತು, ಉಗ್ರಾಣ ತುಂಬಿರಬೇಕು, ತುಂಬಿದರೆ ಬಹುದಿನ ಮುಟ್ಟದ್ದನ್ನು ಅದು ಹೊರಗೆ ಹಾಕುತ್ತೆ, ಎಂದು ಮನೆಯಿಂದಲೇ ಅವನ ಯಂತ್ರಕ್ಕೆ ನುಗ್ಗಿ ಜಾಗ ದೊಡ್ಡದು ಮಾಡಿದೆ. ಮತ್ತೆ ನಿಲ್ತು. ಆಗ ಸಿಕ್ಕಿತು ನನ್ನ ನಿಜವಾದ ಹುಲಿ, ಕಚೇರಿಯಲ್ಲಿ ಶರತ್ಕಾಲದಿಂದ ನಾನೂ ಸಂಪ್ಸಾನೂ ಬೆನ್ನು ಹತ್ತಿದ್ದು — ಸಂಪ್ಸಾ ನಮ್ಮ ತಂಡದ ಹಿರಿಯ, ಮಾತು ಕಡಿಮೆ, ಬಾಳೆಹಣ್ಣು ಜಾಸ್ತಿ — ಡ್ರೈವರ್ ತಾನು ಹೊಸದೋ ಹಳೆಯದೋ ಎಂದು ತನ್ನ ಫೈಲಿನ ತಾರೀಕು ನೋಡಿ ತಿಳಿದುಕೊಳ್ಳುತ್ತದೆ, ಆದರೆ ಕೆಲವು ವ್ಯವಸ್ಥೆಗಳಲ್ಲಿ ಎಲ್ಲ ಫೈಲಿಗೂ ಒಂದೇ ಹಳೆಯ ತಾರೀಕು ಬಡಿದಿರುತ್ತಾರೆ, ಹಾಗಾಗಿ ತಾನು ಬದಲಾಗಿಯೇ ಇಲ್ಲ ಎಂದು ನಂಬಿ ಹಳೆಯ ಸರಕನ್ನೇ ಎತ್ತಿ ಕೊಡುತ್ತದೆ, ಒಳಗೆ ಎಲ್ಲ ಬದಲಾಗಿದ್ದರೂ. ಇದೇ, ಇದೇ ಅಪ್ಪನ ಯಂತ್ರದಲ್ಲಿರುವುದು, ಎಂದು ಎಷ್ಟು ಸಂತೋಷದಿಂದ ಹೇಳಿದೆ ಅವನಿಗೆ, ನಾನು ಗುಣಪಡಿಸುತ್ತಿರುವ ರೋಗವೇ ನನ್ನ ಅಪ್ಪನಿಗೆ ಬಂದಿದೆ ಎನ್ನುವ ಸಂತೋಷ. ಅದರಿಂದ ಚಿತ್ರ ಕೆಡುತ್ತದೆಯೇ ಹೊರತು ನಿಲ್ಲುವುದು ಅಪರೂಪ ಎಂಬುದನ್ನು ಪಕ್ಕಕ್ಕಿಟ್ಟೆ. ದಣಿದವಳಿಗೆ ಒಂದು ಉತ್ತರ ಸಿಕ್ಕರೆ ಅದರ ಮೇಲೆ ಕೂತುಬಿಡುತ್ತಾಳೆ, ಸಿಕ್ಕಿದ ಮೊದಲ ಕುರ್ಚಿಯ ಮೇಲೆ ಕೂತ ಹಾಗೆ, ಕಾಲು ಮುರಿದಿದೆಯೋ ಎಂದು ಯಾರು ಬಗ್ಗಿ ನೋಡುತ್ತಾರೆ.

ಆಮೇಲೆ ಭಾನುವಾರ ಸಿರ್ಕಾಳ ಫೋನು, ಅವಳು ಫೋನು ಮಾಡುವವಳೇ ಅಲ್ಲ, ಬೇಲಿ ಮೇಲಿಂದ ಕೂಗುವವಳು. ನಿಮ್ಮಪ್ಪ ಅಂಚೆ ಡಬ್ಬಿ ಮುಚ್ಚಳ ಎತ್ತಿ ಹಿಡ್ಕೊಂಡು ನಿಂತಿದ್ದ ಕಣೆ, ಏನ್ ತೈಸ್ತೊ, ಡಬ್ಬಿಯೊಳಗೆ ಟೀವಿ ಬರ್ತಾ ಇದ್ಯಾ ಅಂತ ಕೂಗಿದೆ, ತಿರುಗ್ಲಿಲ್ಲ, ಆಮೇಲೆ ತಿರುಗಿ ನಮಸ್ಕಾರ ಅಂದ, ಆಗಲೇ ಒಂದ್ಸಲ ಅಂದಾಗಿತ್ತು, ನನಗ್ಯಾಕೋ ಸರಿ ಕಾಣ್ಲಿಲ್ಲ. ಕಿವಿ ಮಂದವಾಗಿರಬೇಕು ಎಂದೆ, ಚಳಿಗೆ ಟೋಪಿ ಕಿವಿ ಮುಚ್ಚಿರುತ್ತದಲ್ಲ ಎಂದೆ, ಈ ಊರಿನ ಗಂಡಸರು ಕೂಗಿದ್ದಕ್ಕೆ ಓಗೊಡದಿರುವುದು ರೋಗವಾಗಿದ್ದರೆ ಅರ್ಧ ಹೊಲ್ಲೊಲಾ ಆಸ್ಪತ್ರೆಯಲ್ಲಿರಬೇಕಾಗಿತ್ತು ಎಂದೆ, ಅವಳು ನಕ್ಕಳು, ನಗುತ್ತಲೇ, ಹಾಗಲ್ಲ ಮೆರ್ವಿ, ಅವನು ಅಲ್ಲಿ ಇರ್ಲಿಲ್ಲ ಎಂದಳು. ಆ ಮಾತು ನನ್ನ ಹಿಂದೆಯೇ ಬಂತು, ಬಟ್ಟೆ ಒಗೆಯುವಾಗ, ಹಿಲ್ಲಾಳ ಸ್ಕೀ ಬೂಟಿನ ಹಸಿ ಒರೆಸುವಾಗ, ಸಂಪ್ಸಾನ ಜೊತೆ ತಾರೀಕಿನ ಜಗಳವಾಡುವಾಗ, ಸೋಮವಾರ ಹಿಲ್ಲಾಳನ್ನು ಅವನ ಕಾರಿಗೆ ಹತ್ತಿಸುವಾಗ — ಹತ್ತಿಸಿದೆ, ಹೌದು, ಸೋಮವಾರವೂ ಹತ್ತಿಸಿದೆ, ಬೇರೇನು ದಾರಿಯಿತ್ತು, ಹಿಲ್ಲಾಳ ಅಪ್ಪ ಯಾರ್ಕೊ ಇರುವುದು ದೂರದ ತುರ್ಕು ಪಟ್ಟಣದಲ್ಲಿ, ಹೊಸ ಹೆಂಡತಿ ಹೊಸ ಕೂಸು, ತಿಂಗಳಿಗೊಮ್ಮೆ ಮಗಳಿಗೆ ಫೋನು — ಗುಡ್ಡದ ಮೇಲಿಂದ ಗಾಳಿಗೆ ಜಿಗಿಯುವ ಮಗುವಿನ ಬಗ್ಗೆ ನನಗೆ ಭಯವಿಲ್ಲ, ರಸ್ತೆಯಲ್ಲಿ ಅಪ್ಪನ ಪಕ್ಕ ಕೂತು ಹೋಗುವ ಮಗುವಿನ ಬಗ್ಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇವತ್ತು ಬಂದದ್ದು, ಕಂಪ್ಯೂಟರ್ ಸರಿ ಮಾಡಲಿಕ್ಕೆ ಎಂದು ಹೇಳಿ, ನಾನೇ ಕಟ್ಟಿದ ಹೊಸ ಡ್ರೈವರ್ ಚೀಲದಲ್ಲಿ ಹಾಕಿಕೊಂಡು, ಉಗ್ರಾಣ ಪೂರ್ತಿ ಬಳಿದು ಹಾಕಿ ಮೊದಲಿನಿಂದ ತುಂಬಿಸುತ್ತಿದ್ದೇನೆ, ಪಟ್ಟಿ ತುಂಬಿತು, ತುಂಬಿತಪ್ಪ, ಬಾ, ಕೂತ್ಕೋ.

ಕಾಫಿ ಬಟ್ಟಲು, ದಾಲ್ಚಿನ್ನಿ ಬನ್ನು, ತಟ್ಟೆಯಂಚಿನಲ್ಲಿ ಬೆಣ್ಣೆ, ಎರಡೂ ಬಟ್ಟಲು ಒಂದು ಹನಿ ಚೆಲ್ಲದೆ ತಂದ, ನೋಡು, ಇವನ ಕೈ ನೋಡು ಸಿರ್ಕಾ. ಉಣ್ಣೆಯ ಕಾಲುಚೀಲದಲ್ಲಿ ಪೆಡಲುಗಳ ಮೇಲೆ ಕಾಲಿಟ್ಟ, ಮೇಜಿಗೆ ಬಿಗಿದ ಸ್ಟೀರಿಂಗ್ ಚಕ್ರ ಅವನಿಗೆ ಎಪ್ಪತ್ತು ತುಂಬಿದಾಗ ಹಿಲ್ಲಾ ಕೊಟ್ಟದ್ದು, ತಾತ ಇನ್ಮೇಲೆ ಮನೇಲೇ ಸ್ಪೀಡಾಗಿ ಹೋಗು, ಹೊರಗೆ ನೀನು ಹಾಲಿನ ಗಾಡಿ ಥರ ಓಡಿಸ್ತೀಯ ಎಂದು. ಪರದೆಯ ಮೂಲೆಯಲ್ಲಿ ನನ್ನ ಎರಡು ಕಾವಲುಗಾರರನ್ನು ನಿಲ್ಲಿಸಿದ್ದೇನೆ, ಒಂದು ಅಂಕಿ, ಹೊಸದಾಗಿ ಬೇಯಿಸಿದ ಶೇಡರ್ ಎಷ್ಟು ಎಂದು, ಒಂದು ಹಸಿರು ಗೆರೆ, ಚಿತ್ರ ತಡವರಿಸಿದರೆ ಸಾಕು, ರೆಪ್ಪೆ ಬಡಿಯುವಷ್ಟು ತಡವರಿಸಿದರೂ ಗೆರೆ ಗೂಟದ ಹಾಗೆ ಮೇಲೇಳುತ್ತದೆ. ಅದೇನೇ ಹಸಿರು ದಾರ, ನೋಡಿದ್ರೆ ತಲೆನೋವು ಬರುತ್ತೆ, ನೀನು ರಸ್ತೆ ನೋಡಪ್ಪ. ಹೊರಟ. ಇಂಜಿನ್ನಿನ ಕೂಗು, ಬರ್ಚ್ ಮರಗಳ ಸಾಲು, ಮೊದಲ ತಿರುವಿನಲ್ಲೇ ಗೆರೆ ಒಮ್ಮೆ ಎದ್ದಿತು, ಅಂಕಿ ಮೂರಾಯಿತು, ನನಗೆ ಎಂಥ ನೆಮ್ಮದಿ, ನಿಂತಿತು ನೋಡು ಎಂದ ಅಪ್ಪ, ನೋಡಿದೆ ನೋಡಿದೆ, ಯಂತ್ರವೇ ನಿಂತದ್ದು, ಸೇತುವೆಯ ಮೇಲೆ ಮತ್ತೊಮ್ಮೆ, ಅಂಕಿ ಏಳು, ನಿಲ್ತು, ಹೌದಪ್ಪ ನಿಲ್ತು, ಇಬ್ಬರೂ ಒಂದೇ ಸಲ ಹೇಳಿದೆವು, ಎಷ್ಟೋ ದಿನದ ಮೇಲೆ ಒಂದೇ ಸಲ. ಎಷ್ಟು ಚೆಂದ ಓಡಿಸುತ್ತಾನೆ, ಭುಜ ಅಲುಗದ ಹಾಗೆ, ಮಣಿಕಟ್ಟಿನಿಂದಲೇ, ಚಿಕ್ಕವಳಿದ್ದಾಗ ಶಾಲೆಗೆ ರಜೆಯಾದರೆ ಲಾರಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಗಾಜಿನಾಚೆ ಬರೀ ಬಿಳಿ, ರಸ್ತೆ ಯಾವುದು ಹೊಲ ಯಾವುದು ಕೆರೆ ಯಾವುದು, ನಿನಗೆ ಹೇಗೆ ಗೊತ್ತಾಗುತ್ತೆ ಅಪ್ಪ ಎಂದು ಕೇಳಿದರೆ, ಗೊತ್ತಾಗೋದಿಲ್ಲ, ಅದಕ್ಕೇ ಅಕ್ಟೋಬರಿನಲ್ಲೇ ಕೋಲು ನೆಡೋದು, ಎಲ್ಲ ಕಾಣುತ್ತಿರುವಾಗಲೇ ನೆಡಬೇಕು, ಆಮೇಲೆ ಕೋಲು ಒಂದನ್ನು ನಂಬಿದರೆ ಸಾಕು. ಹುಲ್ಲಿನ ಕೊಟ್ಟಿಗೆ, ಅದರಾಚೆ ಎಡ ತಿರುವು, ತಿರುವಿನಲ್ಲಿ ಒಂಟಿ ಕಿತ್ತಳೆ ಕೋಲು, ಆಟದವರಿಗೆ ಬುದ್ಧಿ ಇಲ್ಲ ಕಣೆ, ಇಷ್ಟು ಒಳಗೆ ಯಾರಾದ್ರೂ ನೆಡ್ತಾರಾ, ನನ್ನ ಲಾರಿ ಹಲಗೆ ಮೊದಲ ದಿನವೇ ಇದನ್ನು ಮುರಿದು ಹಾಕ್ತಿತ್ತು — ಎನ್ನುತ್ತಲೇ ಕೋಲಿಗೆ ಕೂದಲೆಳೆ ಬಿಟ್ಟು ತಿರುಗಿಸಿದ. ಮೊದಲ ಸುತ್ತು ಮುಗಿಯಿತು. ಬನ್ನು ಮುರಿದು ಬಾಯಿಗೆ ಹಾಕಿಕೊಂಡ, ಮೀಸೆಯಲ್ಲಿ ಸಕ್ಕರೆ. ಇನ್ನು ನೋಡು, ಎರಡನೇ ಸುತ್ತು, ರಸ್ತೆ ಖಾಲಿ, ಎಂದೆ ನಾನು, ನಿನ್ನ ಹಿಂದೆ ನೀನೇ ಬರ್ತಾ ಇದ್ದೀಯ.

ಬರ್ಚ್ ಮರಗಳು, ಅಂಕಿ ಏಳು, ಏಳೇ ಇದೆ, ಗೆರೆ ಮೇಜಿನಂಚಿನ ಹಾಗೆ ಸಪಾಟು, ಮೊದಲ ತಿರುವು, ಸಪಾಟು, ಸೇತುವೆ, ಸಪಾಟು, ಚೆನ್ನಾಗಿದೆ ಮಗಳೇ, ಬೆಣ್ಣೆ ಥರ ಹೋಗ್ತಾ ಇದೆ, ನಾನು ಕುರ್ಚಿಗೆ ಒರಗಿದೆ, ಬೆನ್ನು ಎಲ್ಲೆಲ್ಲಿ ನೋಯುತ್ತಿತ್ತು ಎಂದು ಆಗ ಗೊತ್ತಾಯಿತು, ನಾಲ್ಕಕ್ಕೆ ಸಂಪ್ಸಾನಿಗೆ ಹೇಳುತ್ತೇನೆ, ಈ ತಿದ್ದುಪಡಿ ಹೋಗಲಿ, ನಮ್ಮಪ್ಪನ ಯಂತ್ರದಲ್ಲಿ ನೋಡಿದೆ, ಇಲ್ಲೇ ಅಡುಗೆಮನೆಯಲ್ಲಿ ಕೂತು ಮೀಟಿಂಗ್ ಮಾಡುತ್ತೇನೆ, ಅವನು ಹಿಲ್ಲಾಳನ್ನು ಕರೆದುಕೊಂಡು ಹೋಗಿ ಬರುತ್ತಾನೆ, ನಾಡಿದ್ದು ಶನಿವಾರ, ಮೂವರೂ ಸೌನಾದ ಬಿಸಿ ಹಬೆಯಲ್ಲಿ ಕೂತು ಸಾಸೇಜ್ ಸುಟ್ಟುಕೊಂಡು, ಸಿರ್ಕಾಳನ್ನೂ ಕರೆಯಬೇಕು, ಬೇಲಿಗೆ ಬಣ್ಣ ಬಳಿಯುತ್ತೇನೆ ಎಂದು ಹೇಳಬೇಕು — ಹುಲ್ಲಿನ ಕೊಟ್ಟಿಗೆ ಬಂತು. ಕೊಟ್ಟಿಗೆ ಹೋಯಿತು. ಚಕ್ರದ ಮೇಲೆ ಅಪ್ಪನ ಕೈ. ತಿರುಗಿಸಪ್ಪ. ಕೈ ಇತ್ತು, ಹೆಬ್ಬೆರಳ ಉಗುರಿನ ಹಳೆಯ ಕಪ್ಪು ಗೆರೆ, ಮೀಸೆಯಲ್ಲಿ ಸಕ್ಕರೆ, ಬಾಯಿ ಸ್ವಲ್ಪ ತೆರೆದು ಅಗಿಯುವ ಹಾಗೆ ಒಮ್ಮೆ, ಎರಡು ಸಲ, ಬನ್ನು ಆಗಲೇ ನುಂಗಿಯಾಗಿತ್ತಲ್ಲ, ಕಣ್ಣು ಪರದೆಯ ಮೇಲೇ ಇತ್ತು, ಪರದೆಯಲ್ಲಿ ಹಿಮ ಹಾರುತ್ತಿತ್ತು, ಇಂಜಿನ್ ಕೂಗುತ್ತಿತ್ತು, ಯಾವುದೂ ನಿಂತಿರಲಿಲ್ಲ, ಗೆರೆ ಸಪಾಟು, ಅಂಕಿ ಏಳು, ನಾನು ಗೆರೆಯನ್ನೇ ನೋಡುತ್ತಿದ್ದೆ, ಏಳು, ಏಳು ಎಂದು ಬೇಡುತ್ತಿದ್ದೆ, ಒಂದೇ ಒಂದು ಗೂಟ ಮೇಲೇಳು, ಹನ್ನೊಂದು ವರ್ಷ ಯಾವುದನ್ನು ಅಳಿಸಲು ಕೂತಿದ್ದೆನೋ ಅದನ್ನೇ ಬೇಡುತ್ತಿದ್ದೆ, ಕಿತ್ತಳೆ ಕೋಲು ದೊಡ್ಡದಾಗುತ್ತಾ ಬಂತು, ತುದಿಯ ಪಟ್ಟಿ ಹೊಳೆಯಿತು, ನೀಲಿ ನೆರಳು ಕಾರಿನ ಮೂತಿಯ ಕೆಳಗೆ ಹೋಯಿತು, ಕೋಲು ಬಾಗಲಿಲ್ಲ, ಮುರಿದು ಗಾಜಿನ ಮೇಲೆ ಹಾರಿತು, ಆಮೇಲೆ ಪರದೆ ತುಂಬ ಬಿಳಿ. ಬಿಳಿಯಲ್ಲೂ ಗೆರೆ ಸಪಾಟು. ಕೈ ಅಲ್ಲೇ. ಅಪ್ಪ ಎಂದೆನೋ ಇಲ್ಲವೋ. ನಂತರ ಅವನ ರೆಪ್ಪೆ ಬಡಿಯಿತು, ಕೈ ಎಡಕ್ಕೆ ತಿರುಗಿತು, ಅಷ್ಟು ಹೊತ್ತಿನ ಹಿಂದೆ ತಿರುಗಬೇಕಾಗಿದ್ದ ತಿರುವನ್ನು ಅಷ್ಟೇ ನಾಜೂಕಾಗಿ ತಿರುಗಿಸಿತು, ಬಿಳಿಯ ಒಳಗೆ. ಅಪ್ಪ ಪರದೆ ನೋಡಿದ, ನನ್ನನ್ನು ನೋಡಿದ, ಬೇಸರದಿಂದ ತಲೆಯಾಡಿಸಿದ. ನೋಡಿದ್ಯಾ, ಮತ್ತೆ ನಿಲ್ತು.

ಹೊರಗೆ ಕಂಬದ ಟೈಮರ್ ಟಕ್ ಎಂದಿತು, ಇಂಜಿನ್ ಕಾಯಿಸುವ ವಯರಿನದು, ಅವನೇ ಇಟ್ಟದ್ದು, ಹೊರಡುವ ಹೊತ್ತಿಗೆ ಕಾರು ಬೆಚ್ಚಗಿರಲಿ, ಮಗು ಹತ್ತುವಾಗ ಸೀಟು ತಣ್ಣಗಿರಬಾರದು ಎಂದು, ಇಷ್ಟೆಲ್ಲ ನೆನಪಿರುವವನು, ಎಲ್ಲವನ್ನೂ ಮೊದಲೇ ಸಿದ್ಧಮಾಡಿಡುವವನು. ಇರ್ಲಿ ಬಿಡು, ನಾಳೆ ನೋಡ್ಕೊಂಡ್ರಾಯ್ತು, ನಿನಗೂ ಸುಸ್ತಾಗಿದೆ, ಮುಖ ನೋಡ್ಕೊಂಡಿದ್ದೀಯಾ ಕನ್ನಡೀಲಿ — ಎದ್ದ, ಮೀಸೆ ಒರೆಸಿದ, ಬಾಗಿಲ ಬಳಿಯ ಗೂಟದಿಂದ ಕೋಟು ತೆಗೆದ, ನಾನು ಎಷ್ಟು ದಿನದಿಂದ, ಕ್ರಿಸ್ಮಸ್‌ನಿಂದ, ಅದಕ್ಕೂ ಮೊದಲಿನಿಂದಲೋ, ಅವನು ಪಾಪ ಫೋನು ಮಾಡಿ ಮಾಡಿ ಹೇಳಿದ್ದಾನೆ, ನಿಲ್ಲುತ್ತೆ ಮಗಳೇ, ಹಾರುತ್ತೆ ಮಗಳೇ, ತನಗೆ ಕಂಡದ್ದನ್ನು ಕಂಡ ಹಾಗೇ ಹೇಳಿದ್ದಾನೆ, ಯಾವ ಡಾಕ್ಟರಿಗೂ ಅಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ, ನಾನು ಉಗ್ರಾಣ ಗುಡಿಸುತ್ತಿದ್ದೆ, ತಾರೀಕು ನೋಡುತ್ತಿದ್ದೆ, ಸೋಮವಾರ ಮಗುವನ್ನು ಹತ್ತಿಸಿ ಬೆಲ್ಟ್ ಹಾಕ್ಕೋ ಎಂದು ಕೈಬೀಸಿದೆ, ಹೆದ್ದಾರಿ, ಲಾರಿಗಳು, ಕೆರೆಯ ಪಕ್ಕದ ಆ ಉದ್ದನೆಯ ನೇರ ರಸ್ತೆ, ನೇರ ರಸ್ತೇಲಿ ಒಂದ್ಸಲ ಎಂದನಲ್ಲ, ಯಾವ ನೇರ ರಸ್ತೆ ಅಪ್ಪ, ಆಟದ್ದೇ ತಾನೇ — ಕೇಳಲಾರೆ. ಇದನ್ನು ಇವನಿಗೆ ಹೇಳಿದರೆ ಡಾಕ್ಟರ ಹತ್ತಿರ ಹೋಗಬೇಕು, ಹೋದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಇವನು ಯಾರು, ಹಿಲ್ಲಾಳ ಗುಡ್ಡ ಹೋಗುತ್ತದೆ, ನನ್ನ ಕೆಲಸ ವಾರಕ್ಕೆ ಮೂರು ಮಧ್ಯಾಹ್ನ ಹೋಗುತ್ತದೆ, ಹೇಳದಿದ್ದರೆ — ಒಂದು ತೋಳು ಕೋಟಿನೊಳಗೆ ಹೋಗಿದೆ, ಕೀ ಕೈಯಲ್ಲಿದೆ, ಹಿಲ್ಲಾ ಕೊಟ್ಟ ಪುಟ್ಟ ರಬ್ಬರ್ ಕಪ್ಪೆ ನೇತಾಡುವ ಕೀ. ನಿನ್ನ ಕಾರು ಹಿಂದಕ್ಕೆ ತೆಗಿ ಮಗಳೇ, ನನ್ನ ಕಾರಿಗೆ ಅಡ್ಡ ನಿಂತಿದೆ, ಹುಡುಗಿ ಚಳೀಲಿ ಕಾಯ್ತಾ ಇರ್ತಾಳೆ. ಅಡ್ಡ ನಿಂತಿದೆ, ಹೌದು, ಬರುವಾಗ ಬೇಕೆಂದು ನಿಲ್ಲಿಸಿದ್ದಲ್ಲ, ಅಂಗಳದಲ್ಲಿ ಬೇರೆ ಜಾಗವಿರಲಿಲ್ಲ, ಕೋಲುಗಳ ನಡುವೆ ಇರುವುದೇ ಅಷ್ಟು. ಇವತ್ತು ನಾನು ಹೋಗ್ತೀನಿ ಅಪ್ಪ, ನೀನು ಪಕ್ಕದಲ್ಲಿ ಕೂತ್ಕೊಂಡು ಬಾ. ನಿನಗೆ ನಾಲ್ಕಕ್ಕೆ ಮೀಟಿಂಗು ಅಂದ್ಯಲ್ಲ. ಸಂಪ್ಸಾ ಕಾಯ್ತಾನೆ. ಯಾಕೆ, ಈ ಯಂತ್ರ ಇನ್ನೂ ಸರಿಹೋಗ್ಲಿಲ್ವಾ ಎಂದ. ನಾನು ಕಾಫಿ ಮುಟ್ಟೇ ಇರಲಿಲ್ಲ, ಹಾಲು ಕೆನೆಗಟ್ಟಿತ್ತು.

ಯಂತ್ರ ಸರಿಯಾಗೇ ಇದೆ ಅಪ್ಪ. ಅದು ನಿಲ್ಲಲಿಲ್ಲ.

ಅವನು ಒಂದು ತೋಳು ಕೋಟಿನಲ್ಲಿ, ಇನ್ನೊಂದು ತೋಳು ಖಾಲಿ ನೇತಾಡುತ್ತಾ, ನನ್ನ ಭುಜದ ಮೇಲಿಂದ ಪರದೆಯ ಕಡೆಗೆ ನೋಡುತ್ತಾ ನಿಂತ, ಕೈಯಲ್ಲಿ ಕಪ್ಪೆ ತೂಗುತ್ತಿದೆ, ತೂಗುವುದು ಕಡಿಮೆಯಾಯಿತು, ನಿಂತಿತು, ಅವನು ಇನ್ನೂ ನೋಡುತ್ತಿದ್ದಾನೆ, ಅರ್ಥಮಾಡಿಕೊಳ್ಳುತ್ತಿದ್ದಾನೆ, ಇಷ್ಟು ದಿನದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡುತ್ತಿದ್ದಾನೆ, ಅಂಚೆ ಡಬ್ಬಿ, ಸೇತುವೆ, ನೇರ ರಸ್ತೆ, ಹಾಗೆಂದುಕೊಳ್ಳುತ್ತೇನೆ, ಅಥವಾ ಏನನ್ನೂ ನೋಡುತ್ತಿಲ್ಲ, ಅಥವಾ ಮತ್ತೆ ನಿಂತಿದೆ, ಯೋಚಿಸುತ್ತಿದ್ದಾನೋ ಇಲ್ಲವೋ ಹೇಗೆ ತಿಳಿಯುವುದು, ಇದಕ್ಕೆ ಮೂಲೆಯಲ್ಲಿ ಯಾವ ಹಸಿರು ಗೆರೆಯೂ ಇಲ್ಲ — ಅಪ್ಪ — ಇನ್ನೂ ಒಂದು ಉಸಿರು ಕಾಯುತ್ತೇನೆ, ಇನ್ನೂ ಒಂದು, ಪರದೆಯಲ್ಲಿ ಆಟ ತಾನಾಗಿಯೇ ಕಾರನ್ನು ರಸ್ತೆಗೆ ಎತ್ತಿಟ್ಟಿದೆ, ತಿರುವಿನ ಮುಂದೆ, ಹಿಮ ಮೊದಲಿನ ಹಾಗೇ, ಮುರಿದದ್ದನ್ನೂ ಮತ್ತೆ ನೆಟ್ಟಿದೆ, ಕಿತ್ತಳೆ ಕೋಲು, ನೀಲಿ ನೆರಳು, ಕಿತ್ತಳೆ ಕೋಲು